ಸ್ಪೀಕರ್ ಕಿಟ್‌ಗೆ ದುಡ್ಡು ಹಾಕುವ ಮೊದಲು ಖಾಲಿ ಪೆಟ್ಟಿಗೆ ಮಾಡಿಸಿ

ಡೆನ್ಮಾರ್ಕಿನ ಸ್ಕ್ಯಾನ್‌ಸ್ಪೀಕ್, ನಾರ್ವೆಯ ಸೀಸ್, ಇಂಡೋನೇಷ್ಯಾದ ಎಸ್‌ಬಿ ಅಕೂಸ್ಟಿಕ್ಸ್. ಶೋರೂಮಿನಲ್ಲಿ ಲಕ್ಷಗಟ್ಟಲೆ ಬೆಲೆ ಹೇಳುವ ಸ್ಪೀಕರ್‌ಗಳ ಒಳಗೂ ಎಷ್ಟೋ ಸಲ ಇಂಥ ಕಂಪನಿಗಳ ಡ್ರೈವರ್‌ಗಳೇ, ಅಂದರೆ ಶಬ್ದ ಹೊರಡಿಸುವ ಭಾಗಗಳೇ, ಕೂತಿರುತ್ತವೆ. ಹಾಗಿದ್ದ ಮೇಲೆ ಆ ವೂಫರ್ (ಕೆಳಸ್ವರದ ಡ್ರೈವರ್), ಆ ಟ್ವೀಟರ್ (ಮೇಲಿನ ಸ್ವರದ ಡ್ರೈವರ್) ನೇರವಾಗಿ ತರಿಸಿಕೊಂಡು, ಪೆಟ್ಟಿಗೆ ನಾವೇ ಮಾಡಿಸಿದರೆ ಅರ್ಧ ಬೆಲೆಗೆ ಮುಗಿಯುತ್ತದಲ್ವಾ? ಹೈಎಂಡ್ ಕಿಟ್‌ಗಳ ಕಡೆ ಜನ ವಾಲುವುದು ಈ ಲೆಕ್ಕ ಹಾಕಿಯೇ. ಲೆಕ್ಕ ಪೂರ್ತಿ ಸುಳ್ಳೇನಲ್ಲ. ಆದರೆ ಅದರಲ್ಲಿ ಕಸ್ಟಮ್ಸ್ ಇಲ್ಲ, ನಿಮ್ಮ ರೂಮಿಲ್ಲ, ಮರಗೆಲಸದ ಆಚಾರ್ರೂ ಇಲ್ಲ. ಕೊಳ್ಳಬೇಕೋ ಬೇಡವೋ ಅನ್ನುವುದು ಇವೇ ಸೇರಿಸಿದ ಮೇಲೆ ಗೊತ್ತಾಗುತ್ತದೆ.

ಕಿಟ್‌ನಲ್ಲಿ ಏನೇನು ಬರುತ್ತದೆ ನೋಡಿ

ಕಿಟ್ ಅಂದ ಕೂಡಲೇ ಎಲ್ಲವೂ ಡಬ್ಬದಲ್ಲಿ ಬರುತ್ತದೆ ಅಂದುಕೊಳ್ಳಬೇಡಿ. ದುಬಾರಿ ಕಿಟ್‌ಗಳಲ್ಲಿ ಹೆಚ್ಚಿನವು ಡ್ರೈವರ್, ಕ್ರಾಸ್‌ಓವರ್‌ಗೆ (ಶಬ್ದವನ್ನು ವೂಫರ್, ಟ್ವೀಟರ್‌ಗಳಿಗೆ ಹಂಚುವ ಸರ್ಕ್ಯೂಟ್) ಬೇಕಾದ ಕಾಯಿಲ್-ಕೆಪಾಸಿಟರ್-ರೆಸಿಸ್ಟರ್ ಮತ್ತು ಪೆಟ್ಟಿಗೆಯ ನಕ್ಷೆ, ಇಷ್ಟೇ. ಡೆನ್ಮಾರ್ಕಿನ ಟ್ರೋಲ್ಸ್ ಗ್ರಾವೆಸೆನ್ ರೂಪಿಸಿದ ಸ್ಪೀಕರ್‌ಗಳಿಗೆ ಈ ವಲಯದಲ್ಲಿ ದೊಡ್ಡ ಹೆಸರಿದೆ. ಅವರ ಕಿಟ್‌ಗಳ ಬಿಡಿಭಾಗಗಳನ್ನು ಅದೇ ದೇಶದ ಯಾಂಟ್ಸೆನ್ ಆಡಿಯೊ ಮಾರುತ್ತದೆ. ಮರ ನಮ್ಮದೇ. ಕತ್ತರಿಸಿದ ಹಲಗೆಗಳ ಸಮೇತ ಬರುವ ಕಿಟ್‌ಗಳೂ ಇವೆ. ಆದರೆ ಅಷ್ಟು ಭಾರದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಮುದ್ರ ದಾಟಿ ಬರಬೇಕೆಂದರೆ ಸಾಗಾಟಕ್ಕೇ ಕೈ ಸುಡುತ್ತದೆ. 18 ಎಂಎಂ ದಪ್ಪದ 8x4 ಅಡಿ ಎಂಡಿಎಫ್ ಶೀಟೊಂದೇ ಸುಮಾರು 40 ಕಿಲೋ ತೂಗುತ್ತದೆ.

ಇನ್ನು ಕೆಲವು ವಿನ್ಯಾಸಗಳಿಗೆ ಕ್ರಾಸ್‌ಓವರ್ ಕೆಲಸವನ್ನು ಡಿಎಸ್‌ಪಿ (ಶಬ್ದವನ್ನು ಡಿಜಿಟಲ್ ಆಗಿ ಸಂಸ್ಕರಿಸುವ) ಪೆಟ್ಟಿಗೆಯೇ ಮಾಡಬೇಕು. 2018ರಲ್ಲಿ ತೀರಿಕೊಂಡ ಸ್ಪೀಕರ್ ವಿನ್ಯಾಸಕಾರ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಅವರ ಎಲ್‌ಎಕ್ಸ್‌ಮಿನಿ ಇಂಥದ್ದು. ನೀರಿನ ಪೈಪಿನಂಥ ಪಿವಿಸಿ ಕೊಳವೆಯಲ್ಲೇ ಅದರ ಮೈ ಆಗಿಬಿಡುತ್ತದೆ, ಬಡಗಿಯ ತಲೆನೋವು ಕಮ್ಮಿ. ಆದರೆ ಜೋಡಿಗೆ ನಾಲ್ಕು ಚಾನೆಲ್ ಆಂಪ್ (ಆಂಪ್ಲಿಫೈಯರ್) ಬೇಕು. ಅಲ್ಲಿ ಉಳಿಸಿದ್ದು ಇಲ್ಲಿ ಹೋಯಿತು.

ರೂಮು ಅಳೆಯಿರಿ

ಟೇಪ್ ತೆಗೆದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಎದುರುಬದುರು ಗೋಡೆಗಳ ಅಂತರವನ್ನು ಮೀಟರಿನಲ್ಲಿ ಅಳೆದು, ಎರಡರಿಂದ ಗುಣಿಸಿ, 343ನ್ನು ಅದರಿಂದ ಭಾಗಿಸಿ. 12 ಅಡಿ ಉದ್ದದ ರೂಮಿಗೆ 47 ಹರ್ಟ್ಸ್ ಬರುತ್ತದೆ, 10 ಅಡಿ ಅಗಲಕ್ಕೆ 56. ಈ ಕಂಪನಾಂಕಗಳಲ್ಲಿ ಸ್ಪೀಕರ್ ಎಷ್ಟೇ ಒಳ್ಳೆಯದಿರಲಿ, ರೂಮೇ ಗುಂಯ್‌ಗುಡುತ್ತದೆ. ನಮ್ಮ ಮನೆಗಳ ಕಾಂಕ್ರೀಟ್ ಗೋಡೆ, ವಿಟ್ರಿಫೈಡ್ ಟೈಲ್ಸ್ ಸೇರಿದರೆ ಮೇಲಿನ ಸ್ವರಗಳೂ ಪ್ರತಿಧ್ವನಿಸುತ್ತವೆ. ಇಂಥ ರೂಮಿಗೆ 25 ಹರ್ಟ್ಸ್‌ವರೆಗೆ ಇಳಿಯುವ, ಎದೆಮಟ್ಟ ನಿಲ್ಲುವ, ಶಬ್ದವನ್ನು ಮೂರು ಬಗೆಯ ಡ್ರೈವರ್‌ಗಳಿಗೆ ಹಂಚುವ ಥ್ರೀ-ವೇ ಕಿಟ್ ತರಿಸುವುದು ಸುಮ್ನೆ ದಂಡ.

ನೀವು ಏನು ಕೇಳುತ್ತೀರಿ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಂಡು ಶ್ರುತಿಯ ತಂಬೂರಿಯ ಮಂದ್ರ ತಂತಿ ಸುಮಾರು 65ರಿಂದ 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಕಚೇರಿ ಸಂಗೀತ, ಭಾವಗೀತೆ, ಹಳೆಯ ಸಿನಿಮಾ ಹಾಡು ಕೇಳುವವರಿಗೆ ಐದು-ಆರು ಇಂಚಿನ ವೂಫರ್ ಇರುವ ಚಿಕ್ಕ ಜೋಡಿ ಧಾರಾಳ ಸಾಕು. ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಂಥ ಇಕ್ಕಟ್ಟಾದ ಜಾಗಗಳಿಗಾಗಿ ರೂಪಿಸಿದ ಎಲ್‌ಎಸ್ 3/5ಎ ಒಂದಡಿ ಎತ್ತರದ ಪೆಟ್ಟಿಗೆ. ಅದನ್ನು ಇಂಗ್ಲೆಂಡಿನ ಫಾಲ್ಕನ್ ಅಕೂಸ್ಟಿಕ್ಸ್ ಕಿಟ್ ರೂಪದಲ್ಲೂ ಮಾರಿದೆ. ಮನುಷ್ಯರ ದನಿಗೆ ಅದಕ್ಕಿರುವ ಹೆಸರು ಇವತ್ತಿಗೂ ಹೋಗಿಲ್ಲ.

ಈಗ ಖಾಲಿ ಪೆಟ್ಟಿಗೆ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಡ್ರೈವರ್ ಮೊದಲು ಬರುತ್ತದೆ, ಮಂಚದ ಕೆಳಗೆ ವರ್ಷಗಟ್ಟಲೆ ಇರುತ್ತದೆ, ಪೆಟ್ಟಿಗೆ ಆಗುವುದೇ ಇಲ್ಲ. ತಿರುವುಮುರುವು ಮಾಡಿ. ನೀವು ಕಣ್ಣಿಟ್ಟಿರುವ ವಿನ್ಯಾಸದ ಹೊರಅಳತೆ, ಡ್ರೈವರ್ ಕೂರುವ ಕಿಂಡಿಗಳ ಅಳತೆ ಸಾಮಾನ್ಯವಾಗಿ ಕಿಟ್ ಕೊಳ್ಳದೆಯೂ ಸಿಗುತ್ತವೆ. ಅದರಂತೆ ಅಗ್ಗದ ಎಂಡಿಎಫ್‌ನಲ್ಲಿ ಒಂದೇ ಒಂದು ಪೆಟ್ಟಿಗೆ ಮಾಡಿಸಿ. ಬಣ್ಣ, ವೆನೀರ್ ಏನೂ ಬೇಡ. ಇದಕ್ಕೆ ಆಗುವ ಖರ್ಚು ಕಿಟ್‌ನ ಬೆಲೆಯ ಮುಂದೆ ಏನೇನೂ ಅಲ್ಲ, ಅದರಿಂದ ತಿಳಿಯುವುದು ಮಾತ್ರ ಬಹಳ.

ಮೊದಲನೆಯದಾಗಿ, ಕೆಲಸದ ನಿಖರತೆ. ನಮ್ಮ ಆಚಾರ್ರು ವಾರ್ಡ್‌ರೋಬು, ಅಡುಗೆಮನೆಯ ಕ್ಯಾಬಿನೆಟ್ ಕಣ್ಣುಮುಚ್ಚಿ ಮಾಡಬಲ್ಲರು. ಸ್ಪೀಕರ್ ಬೇರೆ ಜಾತಿ. ಟ್ವೀಟರ್‌ನ ಅಂಚು ಎಷ್ಟೋ ಮಾದರಿಗಳಲ್ಲಿ 104 ಎಂಎಂ ಅಗಲದ ವೃತ್ತ. ಅದು ಹಲಗೆಯ ಮೇಲ್ಮೈಗೆ ಸಮವಾಗಿ ಕೂರಬೇಕಾದರೆ ನಾಲ್ಕೈದು ಎಂಎಂ ಆಳದ ಗುಂಡು ತಗ್ಗು ಕೊರೆಯಬೇಕು. ಜಿಗ್‌ಸಾದಲ್ಲಿ ಕಿಂಡಿ ಕತ್ತರಿಸಬಹುದು, ಈ ತಗ್ಗು ಆಗುವುದಿಲ್ಲ. ಮರ ಕೊರೆಯುವ ರೂಟರ್ ಯಂತ್ರ ಮತ್ತು ವೃತ್ತ ಎಳೆಯುವ ಜಿಗ್ ಬೇಕು. ತಗ್ಗು ಕೊರೆಯದೆ ಟ್ವೀಟರನ್ನು ಹಲಗೆಯ ಮೇಲೆ ಹಾಗೇ ಕೂರಿಸಿದರೆ, ಅದರ ಅಂಚಿಗೆ ತಾಗಿದ ಶಬ್ದ ಚೆದುರಿ ಮೇಲಿನ ಸ್ವರಗಳಲ್ಲಿ ಏರುಪೇರು ಹುಟ್ಟುತ್ತದೆ. ಬೆಂಗಳೂರಿನವರಾದರೆ ಪೀಣ್ಯದ ಕಡೆ ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ರೂಟರ್ ಇಟ್ಟವರ ಹತ್ತಿರ ಮುಂದಿನ ಹಲಗೆಯನ್ನು ಮಾತ್ರ ಕೊರೆಸಿ, ಉಳಿದದ್ದನ್ನು ಆಚಾರ್ರಿಗೆ ಬಿಡಬಹುದು. ಬೇರೆ ಊರುಗಳಲ್ಲೂ ಜಾಲಿ ಕೊರೆಯುವ ಅಂಗಡಿಗಳಲ್ಲಿ ಇದೇ ಯಂತ್ರ ಇರುತ್ತದೆ.

ಎರಡನೆಯದು ಅಳತೆಯ ವಿಷಯ. ಪೆಟ್ಟಿಗೆಯ ಒಳಗಿನ ಗಾಳಿಯ ಪ್ರಮಾಣ ವೂಫರ್‌ಗೆ ಹೊಂದುವಂತೆ ಲೆಕ್ಕ ಹಾಕಿರುತ್ತಾರೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, ರಿಚರ್ಡ್ ಸ್ಮಾಲ್ 70ರ ದಶಕದಲ್ಲಿ ಬೆಳೆಸಿದ ಲೆಕ್ಕವದು. ಆಚಾರ್ರಿಗೆ ಯಾವಾಗಲೂ ಒಳಅಳತೆ ಬರೆದುಕೊಡಿ. ಹೊರಅಳತೆ ಹಾಗೇ ಇಟ್ಟುಕೊಂಡು 18 ಎಂಎಂ ಬದಲು 25 ಎಂಎಂ ಹಲಗೆ ಬಳಸಿದರೆ ಒಳಗಿನ ಜಾಗ ಕುಗ್ಗಿತು. 18 ಎಂದು ಕೊಟ್ಟ ಪ್ಲೈವುಡ್ ಕೆಲವೊಮ್ಮೆ 17ಕ್ಕೆ ಇಳಿದಿರುತ್ತದೆ, ಕ್ಯಾಲಿಪರ್ ಹಿಡಿದು ನೋಡಿ. ಮುಂದಿನ ಹಲಗೆಯ ಅಗಲವಂತೂ ಬದಲಾಗಲೇಬಾರದು. ಕ್ರಾಸ್‌ಓವರ್ ರೂಪಿಸಿರುವುದೇ ಆ ಅಗಲಕ್ಕೆ. "ಸಾರ್, ಒಂದಿಂಚು ಅಗಲ ಕೊಟ್ರೆ ಗ್ರ್ಯಾಂಡಾಗಿ ಕಾಣುತ್ತೆ" ಎಂಬ ಸಲಹೆ ಬಂದೇ ಬರುತ್ತದೆ. ನಗುತ್ತಲೇ ಬೇಡ ಅನ್ನಿ.

ಕರಾವಳಿ, ಮಲೆನಾಡಿನವರು ಇನ್ನೊಂದು ನೋಡಬೇಕು. ಮಳೆಗಾಲದ ತೇವಕ್ಕೆ ಮಾಮೂಲಿ ಎಂಡಿಎಫ್‌ನ ಕತ್ತರಿಸಿದ ಅಂಚುಗಳು ಉಬ್ಬುತ್ತವೆ, ಜೋಡಣೆಯ ಗೆರೆ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಮಂಗಳೂರು, ಉಡುಪಿ ಕಡೆ ಒಳ್ಳೆಯ ಮರೀನ್ ಪ್ಲೈ ಅಥವಾ ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ಗಟ್ಟಿ ಹಲಗೆ) ಬಳಸುವುದೇ ವಾಸಿ. ಎಂಡಿಎಫ್ ಆದರೆ ಅಂಚುಗಳಿಗೆ ಚೆನ್ನಾಗಿ ಸೀಲರ್ ಕುಡಿಸಿ.

ಪೆಟ್ಟಿಗೆ ಆಯಿತಾ? ಸ್ಪೀಕರ್ ನಿಲ್ಲಬೇಕಾದ ಜಾಗದಲ್ಲಿ, ಗೋಡೆಯಿಂದ ವಿನ್ಯಾಸಕಾರ ಹೇಳಿದಷ್ಟು ಮುಂದೆ ಇಡಿ. ಎರಡು ವಾರ ಹಾಗೇ ಇರಲಿ. ಕಸ ಗುಡಿಸುವವರು ಎಡವುತ್ತಾರಾ, ಮಕ್ಕಳು ಹತ್ತುತ್ತಾರಾ, ಅಮ್ಮ ಅದರ ಮೇಲೆ ಹೂದಾನಿ ಇಡುತ್ತಾರಾ, ಎಲ್ಲ ಗೊತ್ತಾಗುತ್ತದೆ. ಮನೆಯವರ ಒಪ್ಪಿಗೆ ಕೇಳಿ ಪಡೆಯುವುದಕ್ಕಿಂತ ಹೀಗೆ ಸಿಗುವುದೇ ಗಟ್ಟಿ. ಒಳಗೆ ಏನೂ ಇಲ್ಲದ ಡಬ್ಬವನ್ನೇ ಮನೆ ಸಹಿಸದಿದ್ದರೆ ನಿಮ್ಮ ತೀರ್ಮಾನ ಅಲ್ಲಿಗೇ ಆಯಿತು.

ನಿಜವಾದ ಬೆಲೆ

ಯುರೋಪಿನ ಅಂಗಡಿಗಳ ಬೆಲೆಯಲ್ಲಿ ಅಲ್ಲಿನ ವ್ಯಾಟ್ ಸೇರಿರುತ್ತದೆ. ಭಾರತಕ್ಕೆ ಕಳಿಸುವಾಗ ಅದನ್ನು ಕಳೆಯಬೇಕು. ಡೆನ್ಮಾರ್ಕಿನಲ್ಲಿ ವ್ಯಾಟ್ ಶೇ 25, ಅಂದರೆ ಕಾಣುವ ಬೆಲೆಯಲ್ಲಿ ಐದನೇ ಒಂದು ಭಾಗ ಇಳಿಯುತ್ತದೆ. ಖುಷಿ ಇಷ್ಟಕ್ಕೇ ಮುಗಿಯಿತು.

ವ್ಯಾಟ್ ಕಳೆದು ಕಿಟ್‌ಗೆ ಒಂದು ಲಕ್ಷ ರೂಪಾಯಿ, ಸಾಗಾಟ ಮತ್ತು ವಿಮೆಗೆ 10,000 ಎಂದಿಟ್ಟುಕೊಳ್ಳಿ. ಸುಂಕ ಹಾಕುವುದು ಎರಡೂ ಸೇರಿದ 1,10,000ದ ಮೇಲೆ. ಮೂಲ ಸುಂಕ ಶೇ 15 ಎಂದು ಹಿಡಿದರೆ 16,500. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ 1,650. ಇವೆಲ್ಲ ಕೂಡಿಸಿದ ಮೊತ್ತದ ಮೇಲೆ ಶೇ 18 ಐಜಿಎಸ್‌ಟಿ ಎಂದರೆ 23,067. ಕೊನೆಗೆ 1,51,217 ರೂಪಾಯಿ. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಬೇರೆ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ಧ್ವನಿವರ್ಧಕ, ಡ್ರೈವರ್‌ಗಳು 8518 ಎಂಬ ಕಸ್ಟಮ್ಸ್ ಶೀರ್ಷಿಕೆಯಲ್ಲಿ ಬರುತ್ತವೆ, ಆರ್ಡರ್ ಮಾಡುವ ದಿನದ ದರ ಹಾಕಿ ಈ ಲೆಕ್ಕವನ್ನೇ ಮತ್ತೆ ಮಾಡಿ.

ಇದಕ್ಕೆ ಜೋಡಿ ಪೆಟ್ಟಿಗೆಯ ಮರ, ಕೂಲಿ, ಸಿಎನ್‌ಸಿ ಸೇರಿಸಿ. ಫಿನಿಶಿಂಗ್ ಮರೆಯಬೇಡಿ. ಡ್ಯೂಕೊ ಬಣ್ಣವೋ ವೆನೀರ್ ಮೇಲೆ ಪಿಯು ಪಾಲಿಶೋ ಅಂದರೆ ಬಿಲ್ಲು ಮರದ ಖರ್ಚನ್ನು ದಾಟಬಹುದು. ಬಂದ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಂಡು ಶೋರೂಮಿಗೆ ಹೋಗಿ, ಅಷ್ಟೇ ದುಡ್ಡಿಗೆ ಸಿಗುವ ಸಿದ್ಧ ಸ್ಪೀಕರ್ ಕೇಳಿ ಬನ್ನಿ. ಐದು ಪಟ್ಟು ಬೆಲೆಯ ಸ್ಪೀಕರ್‌ಗೆ ಈ ಕಿಟ್ ಸಮ ಎಂದು ಕಿಟ್ ಪ್ರಿಯರು ಹೇಳುವ ಮಾತನ್ನು ನಾನಂತೂ ನಂಬುವುದಿಲ್ಲ. ಸಿದ್ಧ ಸ್ಪೀಕರ್‌ನ ಬೆಲೆಯಲ್ಲಿ ಡೀಲರ್ ಲಾಭ, ಜಾಹೀರಾತು ಇರುವುದು ನಿಜ. ಅದರ ಜೊತೆ ವಾರಂಟಿ, ಕೇಳಿ ನೋಡುವ ಅವಕಾಶ, ಮರುಮಾರಾಟದ ಬೆಲೆಯೂ ಇವೆ. ಮನೆಯಲ್ಲಿ ಮಾಡಿದ ಸ್ಪೀಕರ್ ಮಾರಲು ಹೋದರೆ ಡ್ರೈವರ್‌ಗಳಿಗಷ್ಟೇ ಬೆಲೆ, ಪೆಟ್ಟಿಗೆಯನ್ನು ಯಾರೂ ಮೂಸುವುದಿಲ್ಲ.

ಕೇಳದೆ ಹೇಗೆ ನಂಬುವುದು?

ಇದು ಕಿಟ್‌ನ ದೊಡ್ಡ ಕೊರತೆ. ಅದೇ ವಿನ್ಯಾಸ ಕಟ್ಟಿದವರು ನಿಮ್ಮ ಊರಿನಲ್ಲಿ ಸಿಕ್ಕರೆ ಅದೃಷ್ಟ. ಸಂಕೋಚ ಬಿಟ್ಟು ಹೋಗಿ, ನಿಮಗೆ ಚೆನ್ನಾಗಿ ಗೊತ್ತಿರುವ ಧ್ವನಿಮುದ್ರಣ ಒಯ್ಯಿರಿ. ಮೃದಂಗದ ಎಡಭಾಗದ ಗುಮುಕಿ ಬಿಡಿಬಿಡಿಯಾಗಿ ಕೇಳುತ್ತದಾ, ಹಾಡುವವರ 'ಸ'ಕಾರ ಕಿವಿ ಚುಚ್ಚುತ್ತದಾ ಗಮನಿಸಿ. ಇಂಥವರು ಸಾಮಾನ್ಯವಾಗಿ ಕಾಫಿ ಕೊಟ್ಟೇ ಕಳಿಸುವುದು.

ಅದಾಗದಿದ್ದರೆ ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂಬ ಅಳತೆಯ ಗ್ರಾಫ್ ಕೇಳಿ. ಎದುರಿನಿಂದ ಅಳೆದ ಒಂದು ಗೆರೆ ಸಾಲದು. 15, 30, 45, 60 ಡಿಗ್ರಿ ಪಕ್ಕದಿಂದ ಅಳೆದ ಗೆರೆಗಳೂ ಬೇಕು. ಅವು ಒಂದರ ಕೆಳಗೊಂದು ನಯವಾಗಿ ಇಳಿಯುತ್ತಿದ್ದರೆ ಒಳ್ಳೆಯ ಲಕ್ಷಣ. ವೂಫರ್‌ನಿಂದ ಟ್ವೀಟರ್‌ಗೆ ದಾಟುವಲ್ಲಿ ಪಕ್ಕದ ಗೆರೆಗಳು ದಿಢೀರನೆ ಉಬ್ಬಿದರೆ ಗೋಡೆಯಿಂದ ಮರಳುವ ಶಬ್ದ ಬೇರೆಯೇ ಬಣ್ಣ ತಾಳುತ್ತದೆ. ಡ್ರೈವರ್ ಎಷ್ಟು ದುಬಾರಿ ಎಂಬ ವಿವರವೇ ಪುಟಗಟ್ಟಲೆ ಇದ್ದು ಗ್ರಾಫ್ ಒಂದೂ ಇಲ್ಲದ ಕಿಟ್ ಮುಟ್ಟಬೇಡಿ.

ಇಂಪೀಡೆನ್ಸ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ) ಗ್ರಾಫನ್ನೂ ನೋಡಿ, ಅದು ನಿಮ್ಮ ಆಂಪ್‌ಗೆ ಸಂಬಂಧಿಸಿದ್ದು. 3 ಓಮ್‌ಗೆ ಇಳಿಯುವ ಸ್ಪೀಕರ್ ಸಣ್ಣ ಆಂಪನ್ನು ಬೆವರಿಳಿಸುತ್ತದೆ. ಸೂಕ್ಷ್ಮತೆ, ಅಂದರೆ ಅಷ್ಟೇ ವಾಟ್‌ಗೆ ಸ್ಪೀಕರ್ ಕೊಡುವ ಸದ್ದು, 3 ಡೆಸಿಬೆಲ್ ಕಮ್ಮಿಯಾದರೆ ಅಷ್ಟೇ ಸದ್ದಿಗೆ ಎರಡರಷ್ಟು ವಾಟ್ ಬೇಕು. ಆಂಪ್ ಬದಲಿಸಬೇಕಾದರೆ ಅದನ್ನೂ ಚೀಟಿಗೆ ಸೇರಿಸಿ.

ಕಿಟ್‌ಗಳಿಗೆ 'ಸುಪೀರಿಯರ್' ಕೆಪಾಸಿಟರ್ ಆಯ್ಕೆ ಅಂತ ಇರುತ್ತದೆ. ಡ್ರೈವರ್‌ನಷ್ಟೇ ಬೆಲೆ. ಮೊದಲ ಸಲ ಮಾಮೂಲಿ ಪಾಲಿಪ್ರೊಪಿಲೀನ್ ತೆಗೆದುಕೊಳ್ಳಿ, ಉಳಿದ ದುಡ್ಡಿಗೆ ದಪ್ಪ ಜಮಖಾನ, ಪರದೆ ತನ್ನಿ. ವ್ಯತ್ಯಾಸ ಅಲ್ಲಿ ಮೊದಲು ಕೇಳುತ್ತದೆ.

ಕೊಳ್ಳುವುದು ಎಂದಾದರೆ

ಪೆಟ್ಟಿಗೆ ಸರಿಯಾಗಿ ಬಂತು, ಮನೆಯವರು ಒಪ್ಪಿದರು, ಚೀಟಿಯ ಮೊತ್ತ ನೋಡಿಯೂ ಮನಸ್ಸು ಹಿಂಜರಿಯಲಿಲ್ಲ, ಬೆಸುಗೆ ಹಾಕುವುದರಲ್ಲಿ ಖುಷಿ ಇದೆ. ಹಾಗಾದರೆ ಧೈರ್ಯವಾಗಿ ತರಿಸಿ. ಬರೀ ದುಡ್ಡು ಉಳಿಸಲು ಅಂತಿದ್ದರೆ ಬೇಡ.

ಕೊರಿಯರ್‌ಗೆ ಕೆವೈಸಿ ದಾಖಲೆ ಮೊದಲೇ ಕೊಟ್ಟಿರಿ. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿ. ವೂಫರ್‌ನ ಕೆಂಪು ಗುರುತಿಗೆ 1.5 ವೋಲ್ಟ್ ಸೆಲ್‌ನ ಪ್ಲಸ್ ತಾಗಿಸಿದರೆ ಕೋನ್ ಹೊರಗೆ ಚಿಮ್ಮಬೇಕು. ಈ ಪರೀಕ್ಷೆ ಟ್ವೀಟರ್‌ಗೆ ಮಾತ್ರ ಮಾಡಬೇಡಿ, ಹಾಳಾದೀತು. ಅದಕ್ಕೆ ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಸಾಕು. ಕ್ರಾಸ್‌ಓವರ್ ಜೋಡಿಸುವಾಗ ಕಾಯಿಲ್‌ಗಳನ್ನು ಅಕ್ಕಪಕ್ಕ ಒಂದೇ ದಿಕ್ಕಿಗೆ ಇಡದೆ, ದೂರದೂರ, ಒಂದಕ್ಕೊಂದು ಅಡ್ಡವಾಗಿ ಕೂರಿಸಿ.

ಟ್ವೀಟರ್ ತಿರುಪು ಬಿಗಿಯುವಾಗ ಎಚ್ಚರ ಇನ್ನೂ ಜಾಸ್ತಿ ಬೇಕು. ಆಯಸ್ಕಾಂತ ಕಬ್ಬಿಣದ ಸ್ಕ್ರೂಡ್ರೈವರನ್ನು ಲಬಕ್ಕೆಂದು ಎಳೆದು, ರೇಷ್ಮೆಯ ಡೋಮ್‌ಗೆ ತೂತು ಮಾಡಿಬಿಡುತ್ತದೆ. ಒಂದು ಕೈಯನ್ನು ಡೋಮ್‌ಗೆ ತಾಗದಂತೆ ಅದರ ಮೇಲೆ ಅಡ್ಡ ಹಿಡಿದುಕೊಂಡೇ ತಿರುಪು ಹಾಕಿ, ಪವರ್ ಡ್ರಿಲ್ ದೂರ ಇಡಿ. ಡ್ರೈವರ್ ಬಂದ ರಟ್ಟಿನ ಡಬ್ಬಗಳನ್ನು ಗುಜರಿಗೆ ಹಾಕಬೇಡಿ. ಮುಂದೊಮ್ಮೆ ಮಾರುವಾಗ ಮೂಲ ಡಬ್ಬ ಇದ್ದರೆ ಕೊಳ್ಳುವವರು ಬೇಗ ಸಿಗುತ್ತಾರೆ.