ತಿರುಚಿದ ಹಿಡಿ, ಎರಡು ಮುಳ್ಳು: ವೈಕಿಂಗ್ ಮಾದರಿಯ ಫೋರ್ಕ್ ಬಡಿಯುವ ಬಗೆ

8 ಮಿ.ಮೀ. ಚೌಕದ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಬಾರ್ 60 ಸೆಂ.ಮೀ. ಸಾಕು. ಪುಣೆಯಲ್ಲಾದರೆ ರವಿವಾರ ಪೇಟೆಯ ಬೋಹ್ರಿ ಆಳಿ ಎಂಬ ಓಣಿಯ ಸುತ್ತ ವಿಚಾರಿಸಿ, ‘ಚೌರಸ್ ಬಾರ್’ ಎಂದರೆ ತಿಳಿಯುತ್ತದೆ. ಮೀಟರಿಗೆ ಸುಮಾರು ಅರ್ಧ ಕೆ.ಜಿ. ತೂಗುತ್ತದೆ. ಬೆಳ್ಳಗೆ ಹೊಳೆಯುವ ಜಿ.ಐ. ಸರಳನ್ನು ಮುಟ್ಟಲೇಬೇಡಿ. ಅದರ ಸತುವಿನ ಲೇಪ ಬೆಂಕಿಯಲ್ಲಿ ಹೊಗೆಯಾಗಿ ಎದ್ದು ಚಳಿಜ್ವರ ತರುತ್ತದೆ, ಮೇಲಾಗಿ ಇದು ಬಾಯಿಗೆ ಹೋಗುವ ಸಾಮಾನು.

ಸರಳನ್ನಿಟ್ಟು ಬಡಿಯುವ ಅಡಿಗಲ್ಲಿಗೆ ರೈಲು ಹಳಿಯ ತುಂಡು ಹುಡುಕುತ್ತಾ ಹೋಗಬೇಡಿ. ಕದ್ದ ಹಳಿಯಾಗಿದ್ದರೆ ರೈಲ್ವೆ ಆಸ್ತಿಯ 1966ರ ಕಾಯ್ದೆಯಡಿ ಇಟ್ಟುಕೊಂಡವರೇ ಸಿಕ್ಕಿಬೀಳುತ್ತಾರೆ. 5 ಕೆ.ಜಿ.ಯ ಹಳೇ ಸುತ್ತಿಗೆಯ ತಲೆಯನ್ನು ಮರದ ದಿಮ್ಮಿಯಲ್ಲಿ ಮುಖ ಮೇಲಾಗಿ ಹುಗಿದರೆ ಈ ಕೆಲಸಕ್ಕೆ ಧಾರಾಳವಾಯಿತು. ಪುಣೆಯ ಹಳೇ ಸಾಮಾನಿನ ಸಂತೆಯಾದ ಬುಧವಾರ, ಭಾನುವಾರದ ಜೂನಾ ಬಾಜಾರಿನಲ್ಲಿ ಇಂಥವನ್ನು ಹುಡುಕಬಹುದು. ಕುಲುಮೆಗೆ ಹಳೇ ಬ್ರೇಕ್ ಡ್ರಮ್, ಅದರ ಅಡಿಗೆ ಗಾಳಿಯ ಪೈಪು, ಕೈಯಿಂದ ತಿರುಗಿಸುವ ಬ್ಲೋವರ್, 3–4 ಕೆ.ಜಿ. ಮರದ ಇದ್ದಿಲು. ಬಡಿಯಲು 1 ಕೆ.ಜಿ.ಯ ಸುತ್ತಿಗೆ. ಇದೆಲ್ಲ ಅಂಗಳದ ಕೆಲಸ, ಮುಂಬೈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಆಗದು. ಹತ್ತಿ ಬಟ್ಟೆ, ಕನ್ನಡಕ, ಕಾಲು ಮುಚ್ಚುವ ಬೂಟು ಕಡ್ಡಾಯ.

ಸರಳು ಕಿತ್ತಳೆ ಹಳದಿಗೆ ಬಂದಾಗ ಬಡಿಯಿರಿ. ಮಬ್ಬು ಕೆಂಪಿಗೆ ಇಳಿದರೆ ಕೈ ನಿಲ್ಲಿಸಿ ಮತ್ತೆ ಬೆಂಕಿಗಿಡಿ. ಸುರ್‌ಸುರ್‌ಬತ್ತಿಯಂತೆ ಬಿಳಿ ಕಿಡಿ ಹಾರಿದರೆ ಕಬ್ಬಿಣ ಉರಿದುಹೋಯಿತು. ಅಷ್ಟು ಭಾಗವನ್ನು ಕತ್ತರಿಸಿ ಹಾಕುವುದೇ ದಾರಿ.

ತುದಿಯ 27 ಮಿ.ಮೀ.ಯನ್ನು ಚಪ್ಪಟೆ ಮಾಡಿ: 12 ಮಿ.ಮೀ. ಅಗಲ, 5 ಮಿ.ಮೀ. ದಪ್ಪ. ಅದು 30 ಮಿ.ಮೀ.ಯಷ್ಟು ಉದ್ದವಾಗುತ್ತದೆ. ತಾನಾಗಿ ಆರಿದ ಮೇಲೆ ತುದಿಯಿಂದ 30 ಮಿ.ಮೀ. ಒಳಗೆ, ನಟ್ಟನಡುವೆ 4 ಮಿ.ಮೀ. ತೂತು ಕೊರೆದು, ತುದಿಯಿಂದ ತೂತಿನವರೆಗೆ ಹ್ಯಾಕ್ಸಾದಿಂದ ಸೀಳಿ. ಕಮ್ಮಾರರು ಕಾದ ಸರಳನ್ನೇ ಚಾಣದಿಂದ ಸೀಳುತ್ತಾರೆ. ಹೊಸಬರ ಚಾಣ ಪಕ್ಕಕ್ಕೆ ಜಾರಿ ಒಂದು ಮುಳ್ಳು ದಪ್ಪ, ಇನ್ನೊಂದು ಸಣಕಲು ಆಗುತ್ತದೆ. ಆ ತೂತನ್ನು ಮಾತ್ರ ಬಿಡಬೇಡಿ. ಇಡೀ ಫೋರ್ಕಿನ ಹಣೆಬರಹ ಈ ಕವಲಿನ ಬುಡದಲ್ಲಿದೆ. ಸೀಳು ಚೂಪಾಗಿ ನಿಂತರೆ ಎಲ್ಲ ಒತ್ತಡ ಆ ಗೆರೆಯ ಮೇಲೇ ಕೂತು, ಮುಳ್ಳು ಅಗಲಿಸುವಾಗ ಬಿರುಕು ಹಿಡಿಗೆ ಹತ್ತುತ್ತದೆ. ದುಂಡಗೆ ಮುಗಿದರೆ ಒತ್ತಡ ಹಂಚಿಹೋಗುತ್ತದೆ. ಅರದಿಂದ ಬುಡದ ಅಂಚುಗಳನ್ನೂ ಮೊಂಡಾಗಿಸಿ.

ಮುಳ್ಳುಗಳನ್ನು ಚೆನ್ನಾಗಿ ಕಾಯಿಸಿ ಇಕ್ಕೆಲಕ್ಕೆ ಪೂರ್ತಿ ಬಗ್ಗಿಸಿ, ಸರಳು ಟಿ ಆಕಾರಕ್ಕೆ ಬರಲಿ. ಆಗ ಸುತ್ತಿಗೆ ಒಂದೊಂದು ಮುಳ್ಳಿಗೂ ನೇರ ಸಿಗುತ್ತದೆ. ಮೊದಲು ಚೌಕವಾಗಿಯೇ ಎಳೆಯಿರಿ, ಆಮೇಲೆ ಮೂಲೆ ತಟ್ಟಿ ಎಂಟು ಮುಖ, ಕೊನೆಗೆ ದುಂಡು. ನೇರ ದುಂಡಗೆ ಬಡಿಯಹೊರಟರೆ ಹೊಟ್ಟೆಯೊಳಗೆ ಸೀಳು ಬಿದ್ದು ತುದಿ ಪೊರಕೆಯಂತೆ ಬಿಚ್ಚಿಕೊಳ್ಳುತ್ತದೆ. ಬುಡದಲ್ಲಿ 5, ತುದಿಯಲ್ಲಿ 2.5 ಮಿ.ಮೀ. ಆದಾಗ ಮುಳ್ಳು 6 ಸೆಂ.ಮೀ. ದಾಟಿರುತ್ತದೆ. ತೆಳುವಾದಷ್ಟೂ ಬೇಗ ಉರಿಯುತ್ತದೆ, ಕಣ್ಣು ಬೆಂಕಿಯ ಮೇಲಿರಲಿ. ಬಳಿಕ ನಡುವೆ 12 ಮಿ.ಮೀ. ಸಂದು ಬಿಟ್ಟು ಮುಳ್ಳುಗಳನ್ನು ಮತ್ತೆ ಮುಂದಕ್ಕೆ ಬಗ್ಗಿಸಿ, ತುದಿಯನ್ನು ಅರದಿಂದ ಮೊಂಡಾಗಿಸಿ.

ಕವಲಿನಿಂದ 15 ಸೆಂ.ಮೀ. ಹಿಂದೆ ಕತ್ತರಿಸಿ. ಸರಳು ಗಿಡ್ಡವಾಯಿತು, ಇನ್ನು ಕೈಯಲ್ಲಿ ಹಿಡಿಯಲಾಗದು, ಇಕ್ಕಳದ ಸರದಿ. ಹಿಂಬದಿಯ 5 ಸೆಂ.ಮೀ.ಯನ್ನು 3 ಮಿ.ಮೀ.ಗೆ ಸಣ್ಣಗೆ ಎಳೆದು ಸುರುಳಿ ಸುತ್ತಿ.

ತಿರುಚುವುದು ಕೊನೆಗೆ. ಸಾವಿರ ವರ್ಷದ ಹಿಂದಿನ ಸ್ಕ್ಯಾಂಡಿನೇವಿಯದ ಕಡಲಿಗರಾದ ವೈಕಿಂಗರು ಉಣ್ಣುತ್ತಿದ್ದದ್ದು ಚೂರಿ ಮತ್ತು ಮರ, ಕೊಂಬು, ಮೂಳೆಯ ಚಮಚಗಳಿಂದ. ತಾಟಿನ ಪಕ್ಕದ ಫೋರ್ಕ್ ಅವರ ರೂಢಿಯಲ್ಲ. ನಾವು ತೆಗೆದುಕೊಳ್ಳುವುದು ಅವರ ಕಾಲದ ಕಬ್ಬಿಣದ ಸರಳುಗಳಲ್ಲಿ ಕಾಣುವ ಈ ತಿರುಚನ್ನು. ಹಿಡಿಯ ನಡುವಿನ 5 ಸೆಂ.ಮೀ.ಯನ್ನು ಒಂದೇ ಬಣ್ಣಕ್ಕೆ ಕಾಯಿಸಿ, ಕವಲಿನ ಕೆಳಗೆ ವೈಸಿನಲ್ಲಿ ಕಚ್ಚಿಸಿ, ಪಾನಾದಿಂದ (ಸ್ಪ್ಯಾನರ್) ಎರಡು ಸುತ್ತು ತಿರುಗಿಸಿ. ಹೆಚ್ಚು ಕಾದ ಜಾಗವೇ ಹೆಚ್ಚು ತಿರುಚಿಕೊಳ್ಳುತ್ತದೆ. ಅಲ್ಲಿಗೆ ಸಣ್ಣಗೆ ನೀರು ಬಿಟ್ಟರೆ ಅದು ಬಿಗಿದು ಉಳಿದ ಭಾಗ ತಿರುಗುತ್ತದೆ. ಸೊಟ್ಟವಾದರೆ ಮರದ ಕೊಡತಿಯಿಂದ ತಟ್ಟಿ. ಸುತ್ತಿಗೆ ಹಾಕಿದರೆ ತಿರುಚಿನ ಅಂಚು ಸಾಯುತ್ತದೆ.

ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿದರೆ ಕಪ್ಪು ಕಿಟ್ಟ ಸಡಿಲವಾಗುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ. ಆಮೇಲೆ ದೋಸೆ ಕಾವಲಿ ಪಳಗಿಸುವ ಹಾಗೆಯೇ: ಗಾಣದ ಅಗಸೆ ಎಣ್ಣೆ, ಮರಾಠಿಯವರ ‘ಜವಸ್’, ಸವರಿ, ಸವರಿದ್ದೆಲ್ಲ ಒರೆಸಿ ತೆಗೆದಂತೆ ಒರೆಸಿ, 220 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ. ಮೂರು ಸಲ. ಎಣ್ಣೆ ದಪ್ಪವಾದರೆ ಅಂಟಂಟಾಗಿ ಉಳಿಯುತ್ತದೆ. ಪೇಂಟ್ ಅಂಗಡಿಯ ಅಗಸೆ ಎಣ್ಣೆ ಬೇಡ, ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರಬಹುದು.

ಕೈಗೆ ಬರುವ ಫೋರ್ಕ್ ಸುಮಾರು 80 ಗ್ರಾಂ, 20 ಸೆಂ.ಮೀ. ಕಬಾಬು, ಸುಟ್ಟ ಪನೀರು, ಹುರಿದ ಮೀನಿಗೆ ಒಳ್ಳೆಯದು. ಕೋಕಂ, ಹುಣಿಸೆಯ ಸಾರಿನಲ್ಲಿ ಅದ್ದಿಟ್ಟರೆ ಪಳಗಿದ ಪದರ ಎದ್ದು ಕಬ್ಬಿಣದ ರುಚಿ ಬಿಡುತ್ತದೆ. ಮಳೆಗಾಲದಲ್ಲಿ ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ, ತೊಟ್ಟು ಎಣ್ಣೆ ಸವರಿಡಿ.