ದೂರದ ಸೈಕಲ್ ಪ್ರವಾಸಕ್ಕೆ ಟೈರ್ ಆಯ್ದುಕೊಳ್ಳುವುದು ಹೇಗೆ?

ಹಲವು ದಿನಗಳ ಸೈಕಲ್ ಪ್ರವಾಸಕ್ಕೆ ಸಿದ್ಧರಾಗುವವರು ಗೇರು, ಬ್ರೇಕು, ಸೀಟು, ಚೀಲಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಟೈರಿನ ವಿಷಯಕ್ಕೆ ಬಂದರೆ ಸೈಕಲ್ಲಿನ ಜೊತೆ ಬಂದದ್ದನ್ನೇ ಉಳಿಸಿಕೊಂಡು ಹೊರಟುಬಿಡುವುದುಂಟು. ಸವಾರ, ಸೈಕಲ್ಲು, ಸಾಮಾನು ಇವಿಷ್ಟರ ಭಾರವೂ ಕೊನೆಗೆ ನೆಲಕ್ಕೆ ತಗಲುವುದು ಅಂಗೈಗಿಂತ ಚಿಕ್ಕದಾದ ಎರಡು ಜಾಗಗಳಲ್ಲಿ ಎಂಬುದನ್ನು ನೆನೆದರೆ, ಈ ಆಯ್ಕೆಗೆ ಒಂದು ಸಂಜೆಯನ್ನಾದರೂ ಮೀಸಲಿಡುವುದು ಹೆಚ್ಚಲ್ಲ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಟೈರಿನ ಮೇಲ್ಮೈಯ ವಿನ್ಯಾಸ. ಪ್ರವಾಸದ ಮಟ್ಟಿಗೆ ಅದು ಕೊನೆಯಲ್ಲಿ ನೋಡಬೇಕಾದ ಸಂಗತಿ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದವು ಅಳತೆ, ಅಗಲ ಮತ್ತು ಟೈರಿನ ಒಳಮೈಯ ಬಲ.

ಮೊದಲು ಅಳತೆ ಓದಿಕೊಳ್ಳಿ

ಈಗಿರುವ ಟೈರಿನ ಪಕ್ಕದಲ್ಲಿ 37-622 ಎಂಬಂತಹ ಸಂಖ್ಯೆಗಳ ಜೋಡಿಯೊಂದು ಅಚ್ಚಾಗಿರುತ್ತದೆ. ಇಂಚಿನ ಲೆಕ್ಕಕ್ಕಿಂತ ಈ ಜೋಡಿಯನ್ನೇ ನಂಬಬೇಕು. ಮೊದಲ ಸಂಖ್ಯೆ ಗಾಳಿ ತುಂಬಿದ ಟೈರಿನ ಅಗಲವನ್ನೂ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸವನ್ನೂ ಮಿಲಿಮೀಟರುಗಳಲ್ಲಿ ಹೇಳುತ್ತವೆ. 700ಸಿ ಮತ್ತು 29 ಇಂಚು ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವ ಟೈರುಗಳೆರಡರ ವ್ಯಾಸವೂ 622. ಆದರೆ ಮೌಂಟನ್ ಬೈಕಿನ 26 ಇಂಚು ಎಂದರೆ 559, ಹಳೆಯ ಮಾದರಿಯ ಸೈಕಲ್ಲುಗಳ 26 × 1 3/8 ಎಂದರೆ 590. ಇಂಚಿನ ಹೆಸರು ಒಂದೇ ಆದರೂ ಒಂದರ ಟೈರು ಮತ್ತೊಂದರ ರಿಮ್ಮಿಗೆ ಕೂರುವುದಿಲ್ಲ. ಆದ್ದರಿಂದ ಎರಡನೆಯ ಸಂಖ್ಯೆ ಹಳೆಯ ಟೈರಿನಲ್ಲಿದ್ದದ್ದೇ ಆಗಿರಬೇಕು. ನಿಮಗೆ ಆಯ್ಕೆಯಿರುವುದು ಮೊದಲನೆಯದರಲ್ಲಿ ಮಾತ್ರ.

ಅಗಲ: ಇಲ್ಲಿ ನಿಧಾನಿಸಿ

ಅಗಲವನ್ನು ದಾರಿಯ ಅತಿ ಕೆಟ್ಟ ಭಾಗಕ್ಕೆ ತಕ್ಕಂತೆ ಆರಿಸಬೇಕು. ನೂರು ಕಿಲೋಮೀಟರ್ ಒಳ್ಳೆಯ ಡಾಂಬರಿನ ಮೇಲೆ ಸಾಗಿ, ಕೊನೆಯ ಹತ್ತು ಕಿಲೋಮೀಟರ್ ಜಲ್ಲಿಯ ಮೇಲೆ ಹೋಗಬೇಕಾದರೆ, ತುಂಬಿದ ಚೀಲಗಳ ಸಮೇತ ಆ ಹತ್ತನ್ನು ದಾಟಿಸುವ ಅಗಲ ಟೈರಿಗಿರಬೇಕು. ದಾರಿಯೆಲ್ಲ ನಯವಾದ ಡಾಂಬರೇ ಆಗಿದ್ದು, ಸಾಮಾನೂ ಹಗುರವಾಗಿದ್ದರೆ 32 ಮಿ.ಮೀ. ಸಾಕು. ಹಿಂದೆ ಎರಡು ಚೀಲ, ಗುಡಾರ, ಅಡುಗೆಯ ಸಾಮಾನು ಹೊತ್ತು ಗುಂಡಿಬಿದ್ದ ರಸ್ತೆಗಳಲ್ಲೂ ಹೋಗುವವರಿಗೆ 37ರಿಂದ 42 ಮಿ.ಮೀ. ಹೊಂದುತ್ತದೆ. ಮಣ್ಣುದಾರಿ, ಜಲ್ಲಿಕಲ್ಲಿನ ದಾರಿಯೇ ಹೆಚ್ಚಾಗಿದ್ದರೆ 47ರಿಂದ 50 ಮಿ.ಮೀ.ಗೆ, ಸೈಕಲ್ಲಿನಲ್ಲಿ ಜಾಗವಿದ್ದರೆ ಅದಕ್ಕೂ ಮೇಲಕ್ಕೆ ಹೋಗಬಹುದು. ಎರಡು ಅಳತೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಅಗಲವಾದದ್ದನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಗಲವಾದ ಟೈರು ಸೈಕಲ್ಲನ್ನು ನಿಧಾನಗೊಳಿಸುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಟೈರು ಉರುಳುವಾಗ ನೆಲಕ್ಕೆ ತಗಲಿದ ಭಾಗ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಹೀಗೆ ಬಾಗಿ ಬಿಚ್ಚಿಕೊಳ್ಳುವುದರಲ್ಲೇ ಒಂದಷ್ಟು ಶಕ್ತಿ ನಷ್ಟವಾಗುತ್ತದೆ. ಗಾಳಿಯ ಒತ್ತಡ ಒಂದೇ ಆಗಿದ್ದರೆ, ಅಗಲವಾದ ಟೈರಿನಲ್ಲಿ ನೆಲಕ್ಕೆ ತಗಲುವ ಭಾಗ ಗಿಡ್ಡವೂ ಅಗಲವೂ ಆಗಿ, ಟೈರು ಬಾಗುವುದು ಕಡಿಮೆಯಾಗುತ್ತದೆ. ಒರಟು ರಸ್ತೆಯಲ್ಲಂತೂ ಗಟ್ಟಿಯಾಗಿ ಗಾಳಿ ತುಂಬಿದ ಸಣ್ಣ ಟೈರು ಪ್ರತಿ ಕಲ್ಲಿಗೂ ಸವಾರನನ್ನೂ ಸಾಮಾನನ್ನೂ ಎತ್ತಿ ಹಾಕುತ್ತದೆ, ಆ ಎತ್ತುವ ಶಕ್ತಿಯೂ ಪೆಡಲಿನಿಂದಲೇ ಬರಬೇಕು. ಅಗಲದ ಟೈರಿಗೆ ತೂಕ ಹೆಚ್ಚು, ವೇಗವಾಗಿ ಹೋಗುವಾಗ ಎದುರುಗಾಳಿಯ ತಡೆಯೂ ತುಸು ಹೆಚ್ಚು ಎಂಬುದು ನಿಜ. ಚೀಲಗಳನ್ನು ಹೊತ್ತ ಪ್ರವಾಸದ ವೇಗದಲ್ಲಿ ಇವು ಲೆಕ್ಕಕ್ಕೆ ಬರುವುದು ಕಡಿಮೆ.

ಅಗಲಕ್ಕೆ ಮಿತಿ ಹಾಕುವುದು ಸೈಕಲ್ಲಿನ ಫ್ರೇಮು. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಟೈರಿಗೂ ಫ್ರೇಮಿನ ಕೊಳವೆಗಳಿಗೂ ನಡುವೆ ಇರುವ ಜಾಗವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಹೊಸ ಟೈರು ಹಾಕಿದ ಮೇಲೂ ಪ್ರತಿ ಬದಿಗೆ 5ರಿಂದ 6 ಮಿ.ಮೀ. ಉಳಿಯಬೇಕು, ಇಲ್ಲದಿದ್ದರೆ ಒಂದು ಕಡ್ಡಿ ಮುರಿದು ಚಕ್ರ ಸ್ವಲ್ಪ ಓಲಿದರೂ, ಕೆಸರು ಅಂಟಿದರೂ ಟೈರು ಫ್ರೇಮಿಗೆ ಉಜ್ಜುತ್ತದೆ. ಮಡ್‌ಗಾರ್ಡ್ ಹಾಕುವವರು ಅದು ಟೈರಿಗಿಂತ ಹತ್ತು ಮಿಲಿಮೀಟರಿನಷ್ಟಾದರೂ ಅಗಲವಿದೆಯೇ ಎಂದು ನೋಡಬೇಕು. ರಿಮ್ಮಿನ ಒಳ ಅಗಲವೂ ಟೈರಿಗೆ ಹೊಂದಬೇಕು: ಕಿರಿದಾದ ರಿಮ್ಮಿಗೆ ಬಹಳ ಅಗಲದ ಟೈರು ಹಾಕಿದರೆ ತಿರುವಿನಲ್ಲಿ ಅದು ಪಕ್ಕಕ್ಕೆ ವಾಲುತ್ತದೆ. ಒಳ ಅಗಲ 19 ಮಿ.ಮೀ. ಇರುವ ರಿಮ್ಮು 32ರಿಂದ 47 ಮಿ.ಮೀ. ವರೆಗಿನ ಟೈರನ್ನು ಆರಾಮವಾಗಿ ಹಿಡಿಯುತ್ತದೆ.

ಒಳಮೈ ಮತ್ತು ಪಂಕ್ಚರ್ ತಡೆ

ಟೈರೆಂದರೆ ಬರೀ ರಬ್ಬರಲ್ಲ. ಒಳಗೆ ನೈಲಾನ್ ಮುಂತಾದ ನೂಲಿನ ಹಾಸು ಇರುತ್ತದೆ, ಭಾರವನ್ನೂ ಗಾಳಿಯ ಒತ್ತಡವನ್ನೂ ತಡೆದುಕೊಳ್ಳುವುದು ಅದೇ. ನೆಲಕ್ಕೆ ತಾಗುವ ರಬ್ಬರಿನ ಅಡಿಯಲ್ಲಿ, ಮುಳ್ಳು ಮತ್ತು ಗಾಜಿನ ಚೂರನ್ನು ತಡೆಯಲು ಇನ್ನೊಂದು ಪದರವಿರುತ್ತದೆ. ಕೆಲವು ಟೈರುಗಳಲ್ಲಿ ಇದು ಕೆವ್ಲಾರ್‌ನಂತಹ ಗಟ್ಟಿ ನೂಲಿನ ತೆಳು ಪಟ್ಟಿಯಾದರೆ, ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಂತಹ ಟೈರಿನಲ್ಲಿ 5 ಮಿ.ಮೀ. ದಪ್ಪದ ಮೆತ್ತನೆಯ ರಬ್ಬರ್ ಪದರ. ದಪ್ಪ ಪದರ ಸಣ್ಣ ಮುಳ್ಳುಗಳಿಂದ ಚೆನ್ನಾಗಿ ಕಾಪಾಡುತ್ತದೆ. ಪ್ರತಿಯಾಗಿ ಟೈರು ಭಾರವಾಗುತ್ತದೆ, ಓಟ ಜಡವಾಗುತ್ತದೆ. ಮುಳ್ಳಿನ ಪ್ರದೇಶದಲ್ಲಿ ದಿನಗಟ್ಟಲೆ ಸಾಗುವವರಿಗೆ ಇದು ಲಾಭದ ವ್ಯವಹಾರವೇ. ಶುಚಿಯಾದ ರಸ್ತೆಗಳಲ್ಲೇ ಹೋಗುವವರಿಗೆ ನೂಲಿನ ಪಟ್ಟಿ ಸಾಕು.

ಟೈರಿನ ಪಕ್ಕದ ಗೋಡೆಯನ್ನು, ಅಂದರೆ ಸೈಡ್‌ವಾಲ್ ಅನ್ನು, ಬೆರಳಿನಿಂದ ಒತ್ತಿ ನೋಡಿ. ರೇಸಿನ ಟೈರುಗಳಲ್ಲಿ ಅದು ಬಟ್ಟೆಯಷ್ಟು ತೆಳುವಾಗಿರುತ್ತದೆ, ಚೂಪು ಕಲ್ಲಿಗೆ ಸೀಳಿಹೋಗುತ್ತದೆ. ಟ್ಯೂಬಿನ ತೂತಿಗೆ ಪ್ಯಾಚ್ ಹಾಕಬಹುದು. ಸೀಳಿದ ಸೈಡ್‌ವಾಲ್‌ಗೆ ದಾರಿಯಲ್ಲಿ ಒಳಗಿನಿಂದ ಹಳೆಯ ಟೈರಿನ ತುಂಡಿಟ್ಟು ಹೇಗೋ ಮುಂದಿನ ಊರು ಸೇರಬೇಕಾಗುತ್ತದೆ. ಟೈರಿನ ಪಕ್ಕದಲ್ಲಿ ಗರಿಷ್ಠ ಒತ್ತಡವನ್ನೂ, ಹಲವು ಕಂಪನಿಗಳ ಟೈರಿನಲ್ಲಿ ಅದು ತಾಳುವ ಗರಿಷ್ಠ ಭಾರವನ್ನೂ ನಮೂದಿಸಿರುತ್ತಾರೆ. ಒಟ್ಟು ಭಾರದಲ್ಲಿ ಸುಮಾರು ಶೇ 60ರಷ್ಟು ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಸಾಮಾನೆಲ್ಲ ಹಿಂದಿನ ಕ್ಯಾರಿಯರ್‌ನಲ್ಲೇ ಇದ್ದರೆ ಇನ್ನೂ ಹೆಚ್ಚು. ಆ ಲೆಕ್ಕದಿಂದ ಹಿಂದಿನ ಟೈರನ್ನು ಪರಿಶೀಲಿಸಿ.

ಮೇಲ್ಮೈಯ ವಿನ್ಯಾಸವನ್ನು ದಾರಿಯ ಬಹುಭಾಗಕ್ಕೆ ತಕ್ಕಂತೆ ಆರಿಸಿದರೆ ಸಾಕು. ಡಾಂಬರಿಗೆ ನಯವಾದ, ಕಡಿಮೆ ಗೀರುಗಳ ಮೇಲ್ಮೈಯೇ ಒಳ್ಳೆಯದು. ಮಳೆಯಲ್ಲಿ ಕಾರಿನ ಟೈರು ನೀರಿನ ಮೇಲೆ ತೇಲಿ ಜಾರುವಂತೆ ಸೈಕಲ್ ಟೈರು ಸಾಮಾನ್ಯ ವೇಗದಲ್ಲಿ ತೇಲುವುದಿಲ್ಲವಾದ್ದರಿಂದ, ನೀರು ಹೊರಹಾಕಲು ಆಳದ ಗೀರುಗಳು ಬೇಕಿಲ್ಲ. ಎತ್ತರದ ಹಲ್ಲುಗಳಿಂದ ಉಪಯೋಗವಿರುವುದು ಕೆಸರು ಮತ್ತು ಸಡಿಲ ಮಣ್ಣಿನಲ್ಲಿ.

ಟ್ಯೂಬು, ವಾಲ್ವು

ಕಾರು, ಬೈಕುಗಳಲ್ಲಿರುವ ದಪ್ಪ ವಾಲ್ವಿಗೆ ಶ್ರೇಡರ್ ಎಂದು ಹೆಸರು. ಅದಕ್ಕೆ ವಾಹನಗಳಿಗೆ ಗಾಳಿ ತುಂಬುವ ಯಾವುದೇ ಕಡೆ ಗಾಳಿ ಸಿಗುತ್ತದೆ. ತೆಳುವಾದ ಪ್ರೆಸ್ಟಾ ವಾಲ್ವಿಗೆ ಪುಟ್ಟ ಅಡಾಪ್ಟರ್ ಒಂದನ್ನು ಜೊತೆಗಿಟ್ಟುಕೊಳ್ಳಬೇಕು. ಟ್ಯೂಬ್‌ಲೆಸ್ ವ್ಯವಸ್ಥೆಯಲ್ಲಿ ಒಳಗಿನ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ. ಆದರೆ ಆ ದ್ರವ ಕೆಲವು ತಿಂಗಳಲ್ಲಿ ಒಣಗುತ್ತದೆ, ಕಳಚಿದ ಟೈರನ್ನು ಮತ್ತೆ ರಿಮ್ಮಿಗೆ ಕೂರಿಸಲು ಕೈಪಂಪು ಸಾಲದಿರಬಹುದು. ಊರುಗಳಿಂದ ದೂರ ಹೋಗುವವರಿಗೆ ಟ್ಯೂಬೇ ಸರಳ ಎಂದು ನಾನು ಭಾವಿಸುತ್ತೇನೆ.

ಗಾಳಿ ಎಷ್ಟು?

ಸರಿಯಾದ ಟೈರು ಕೊಂಡು ತಪ್ಪು ಒತ್ತಡದಲ್ಲಿ ಓಡಿಸಿದರೆ ಆಯ್ಕೆಯ ಶ್ರಮವೆಲ್ಲ ವ್ಯರ್ಥ. ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ಮೀರಬಾರದ ಎಲ್ಲೆ. ಅಷ್ಟು ತುಂಬಲೇಬೇಕು ಎಂದಲ್ಲ. ಭಾರ ಬಿದ್ದಾಗ ಟೈರಿನ ಎತ್ತರ ಸುಮಾರು ಶೇ 15ರಷ್ಟು ಕುಗ್ಗಬೇಕು ಎಂಬುದು ಪ್ರವಾಸಿಗಳಲ್ಲಿ ಚಾಲ್ತಿಯಲ್ಲಿರುವ ಉಪಯುಕ್ತ ಅಂದಾಜು. ಇದನ್ನು ಮನೆಯಲ್ಲೇ ನೋಡಬಹುದು: ಖಾಲಿ ಸೈಕಲ್ಲಿನಲ್ಲಿ ರಿಮ್ಮಿನ ಕೆಳ ಅಂಚಿನಿಂದ ನೆಲಕ್ಕಿರುವ ಎತ್ತರವನ್ನು ಅಳೆದುಕೊಂಡು, ಚೀಲಗಳನ್ನು ಹೇರಿ ಸವಾರ ಕುಳಿತ ಮೇಲೆ ಇನ್ನೊಬ್ಬರಿಂದ ಮತ್ತೊಮ್ಮೆ ಅಳೆಸಿರಿ. 40 ಮಿ.ಮೀ. ಟೈರಾದರೆ ವ್ಯತ್ಯಾಸ 6 ಮಿ.ಮೀ. ಆಸುಪಾಸಿನಲ್ಲಿರಬೇಕು. ಎಲ್ಲ ಸೇರಿ 115 ಕಿಲೋ ಭಾರವಿರುವ ಸೈಕಲ್ಲಿನ 37 ಮಿ.ಮೀ. ಟೈರಿಗೆ ಹಿಂದೆ 60ರಿಂದ 70 ಪಿಎಸ್‌ಐ (ಪಂಪಿನ ಮಾಪಕದಲ್ಲಿ ಕಾಣುವ ಒತ್ತಡದ ಅಳತೆ), ಮುಂದೆ 45ರಿಂದ 50 ಪಿಎಸ್‌ಐ ತುಂಬಿ ಪ್ರಯೋಗ ಆರಂಭಿಸಬಹುದು.

ಗಾಳಿ ತೀರ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು, ಅಕ್ಕಪಕ್ಕದಲ್ಲಿ ಎರಡು ಸೀಳು ಬೀಳುತ್ತವೆ. ಪಂಕ್ಚರ್ ಇಲ್ಲದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನವಾಗಿ ಸೋರುತ್ತಲೇ ಇರುತ್ತದೆ, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಅಳೆಯುವ ರೂಢಿ ಇರಲಿ. ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಭಾರ ಹೊತ್ತು ಉದ್ದದ ಇಳಿಜಾರು ಇಳಿಯುವಾಗ ರಿಮ್ಮು ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ. ಗರಿಷ್ಠ ಮಿತಿಯವರೆಗೆ ತುಂಬದಿರಲು ಇದೂ ಒಂದು ಕಾರಣ.

ಹೊರಡುವ ಮುನ್ನ

ಹೊಸ ಟೈರನ್ನು ಕನಿಷ್ಠ ಎರಡು ವಾರ ಮೊದಲೇ ಹಾಕಿ, ಪಕ್ಕದಲ್ಲಿ ಬಾಣದ ಗುರುತಿದ್ದರೆ ಚಕ್ರ ತಿರುಗುವ ದಿಕ್ಕಿಗೆ ಅದನ್ನು ಹೊಂದಿಸಿ, ತುಂಬಿದ ಚೀಲಗಳೊಂದಿಗೆ ಇಡೀ ದಿನ ಓಡಿಸಿ ನೋಡಿ. ನಿಮ್ಮ ಅಳತೆಯ ಟೈರು ದಾರಿಯ ಊರುಗಳಲ್ಲಿ ಸಿಗುವುದೇ ಎಂದು ವಿಚಾರಿಸಿಕೊಳ್ಳಿ. ಸಿಗದಿದ್ದರೆ, ಅಂಚಿನಲ್ಲಿ ಉಕ್ಕಿನ ತಂತಿಯ ಬದಲು ಗಟ್ಟಿ ನೂಲಿರುವ, ಮಡಚಿ ಚೀಲದಲ್ಲಿಡಬಹುದಾದ ಟೈರೊಂದನ್ನು ಒಯ್ಯಿರಿ. ಎರಡು ಟ್ಯೂಬು, ಪ್ಯಾಚು, ಟೈರ್ ಬಿಚ್ಚುವ ಲಿವರ್‌ಗಳು, ಪಂಪು ಹೇಗೂ ಜೊತೆಗಿರಬೇಕು. ಭಾರ ಹೆಚ್ಚಿರುವುದರಿಂದ ಹಿಂದಿನ ಟೈರು ಬೇಗ ಸವೆಯುತ್ತದೆ. ಅದು ತೀರ ಸವೆದಾಗ ಮುಂದಿನ ಟೈರನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಬೇಕು. ಮುಂದಿನ ಚಕ್ರ ಜಾರಿದರೆ ಸೈಕಲ್ಲನ್ನು ನಿಭಾಯಿಸುವುದು ಬಹಳ ಕಷ್ಟವಾದ್ದರಿಂದ, ಇರುವುದರಲ್ಲಿ ಒಳ್ಳೆಯ ಟೈರು ಯಾವಾಗಲೂ ಮುಂದಿರಲಿ.