ಹುಳ ಹಣ್ಣಾಗುವ ವಾರದ ಹಾಜರಿ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಪಾಠ ಮಾಡುವವರಿಗೆ ರೇಷ್ಮೆ ಬೆಳೆಯ ಲೆಕ್ಕವೂ ಗೊತ್ತಿರಬೇಕು. ನಾಲ್ಕನೇ ತರಗತಿಯ ಒಬ್ಬ ಹುಡುಗ ಒಂದೂವರೆ, ಎರಡು ತಿಂಗಳಿಗೊಮ್ಮೆ ತಪ್ಪದೆ ಕೆಲವು ದಿನ ಬರುತ್ತಿರಲಿಲ್ಲ. ಕೇಳಿದರೆ ‘ಹೊಟ್ಟೆನೋವು ಮಿಸ್’. ಅವನ ಗೈರುಹಾಜರಿಯನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪಕ್ಕದಲ್ಲಿ ಅವರ ಮನೆಯ ಗೂಡು ಮಾರ್ಕೆಟ್ಟಿಗೆ ಹೋದ ದಿನವನ್ನು ಬರೆದೆ. ಪ್ರತಿ ಸಲವೂ ಗೂಡು ಮಾರುವ ಹಿಂದಿನ ವಾರವೇ ಅವನಿಗೆ ಹೊಟ್ಟೆನೋವು. ಆಮೇಲೆ ಮಿಕ್ಕ ಮಕ್ಕಳದ್ದೂ ಬರೆದೆ. ಅರ್ಧಕ್ಕರ್ಧ ಗೈರು ಹೀಗೇ ಇತ್ತು.

ರೇಷ್ಮೆ ಇಲ್ಲದ ಊರಿನವರಿಗೆ ಸ್ವಲ್ಪ ವಿವರಿಸಬೇಕು. ಈಗ ಬಹಳ ಜನ ಎರಡನೇ ಜ್ವರ (ಹುಳ ತಿನ್ನದೆ ಕೂತು ಪೊರೆ ಕಳಚುವ ಹಂತ) ದಾಟಿದ ಹುಳವನ್ನು, ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದಲೇ ತರುತ್ತಾರೆ. ಅಲ್ಲಿಂದ ಸುಮಾರು 17–18 ದಿನಕ್ಕೆ ಹುಳ ಹಣ್ಣಾಗುತ್ತದೆ, ಅಂದರೆ ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುತ್ತದೆ; ಚಳಿಗಾಲದಲ್ಲಿ ಒಂದೆರಡು ದಿನ ಹೆಚ್ಚು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರವೇ ಕಷ್ಟದ್ದು. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಆ ವಾರವೇ ತಿನ್ನುತ್ತದೆ. ಕೊನೆಗೆ ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಡುವ ದಿನ ಮನೆಯ ಕೈಗಳೆಲ್ಲ ಬೇಕು. ಸಣ್ಣ ಬೆರಳು ಹುಳ ಆರಿಸಲು ಚುರುಕು. ಸಾಲ ತಂದು ಹಾಕಿದ ಬೆಳೆ ಕಣ್ಣೆದುರಿಗೇ ಹಾಳಾಗುವಾಗ ಯಾವ ತಾಯಿ ಮಗನನ್ನು ಶಾಲೆಗೆ ಕಳಿಸುತ್ತಾಳೆ?

ಹಾಗಾಗಿ ಆ ವಾರ ಅವರ ಮನೆಗೆ ಹೋಗಿ ಉಪದೇಶ ಮಾಡಿದರೆ ಬೈಗುಳವೇ ಗತಿ. ನಾನು ನಾಲ್ಕನೇ ಜ್ವರದ ದಿನ ಹೋಗುತ್ತೇನೆ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ತಿನ್ನುವುದಿಲ್ಲ, ಆ ಒಂದು ದಿನ ಮನೆಯವರಿಗೆ ಉಸಿರಾಡಲು ಪುರುಸೊತ್ತು. ಹುಳದ ಮನೆಯೊಳಗೆ ಮಾತ್ರ ಕಾಲಿಡುವುದಿಲ್ಲ. ಹೊರಗಿನವರಿಂದ ರೋಗ ಬಂದೀತೆಂದು ಬಾಗಿಲಲ್ಲೇ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿರುತ್ತಾರೆ. ಜಗಲಿ ಮೇಲೆ ಕೂತೇ ಮಾತು, ಹೆಚ್ಚಿನ ಮನೆಗಳಲ್ಲಿ ತೆಲುಗಿನಲ್ಲಿ.

ಆ ಹುಡುಗನ ತಾಯಿ ನೇರವಾಗಿ ಕೇಳಿದರು: “ಎರಡು ದಿನ ಕಳಿಸ್ದಿದ್ರೆ ಏನಾಗ್ತದೆ ಮೇಡಂ? ಬೆಳೆ ಹೋದ್ರೆ ನೀವು ಕೊಡ್ತೀರಾ?” ಓದಿನ ಮಹತ್ವದ ಮಾತನ್ನು ನಾನು ಎತ್ತಲಿಲ್ಲ. ಅದು ಅವರಿಗೆ ಗೊತ್ತು, ಗೊತ್ತಿಲ್ಲದಿದ್ದರೆ ಮಗನಿಗೆ ಬ್ಯಾಗ್ ಕೊಡಿಸುತ್ತಿರಲಿಲ್ಲ. ಅವನ ಗಣಿತದ ಪುಸ್ತಕವನ್ನು ಮುಂದಿಟ್ಟೆ. ಗುಣಾಕಾರದ ಲೆಕ್ಕ ಪುಟ ತುಂಬ, ಎಲ್ಲಕ್ಕೂ ಕೆಂಪು ಶಾಯಿಯ ಸರಿ ಗುರುತು. ಆಮೇಲೆ ಭಾಗಾಕಾರ. ಮೇಲೆ ದಿನಾಂಕ, ಒಂದು ಗೆರೆ, ಒಂದೇ ಒಂದು ಅಂಕಿ, ಕೆಳಗೆಲ್ಲ ಖಾಲಿ. ಮುಂದಿನ ಪುಟವೂ ಹಾಗೇ. ಆಕೆಗೆ ಓದು ಬರುವುದಿಲ್ಲ, ಆದರೂ ಪುಟ ತಿರುವುತ್ತ ಹೋದರು. “ಬಂದ ದಿನಾನೂ ಬರ್ದಿಲ್ವಲ್ಲ ಇವ್ನು” ಎಂದರು. ಅಲ್ಲಿಂದ ಮುಂದೆ ಮಾತು ಸಲೀಸಾಯಿತು.

ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ, ಮಗು ತನ್ನ ವೇಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು, ಗೈರಾದರೂ ಅಷ್ಟು ಏಟಾಗುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಪಾಠ ಮುಂದೆ ಓಡುತ್ತಿರುತ್ತದೆ. ಬಿಟ್ಟುಹೋದ ಮಗು ಮರಳಿ ಬಂದಾಗ ಏನೂ ತಿಳಿಯದೆ ಕೂರುತ್ತದೆ, ನಾಚಿ ಮತ್ತೊಂದು ದಿನ ತಪ್ಪಿಸುತ್ತದೆ. ಎರಡು ದಿನ ವಾರವಾಗುವುದು ಹೀಗೆ. ನಮ್ಮ ಎಷ್ಟೋ ಶಿಕ್ಷಕರು ಮರಳಿ ಬಂದ ಮಗುವನ್ನೇ ನಿಲ್ಲಿಸಿ ಕೇಳುತ್ತಾರೆ, ನನಗದು ಒಪ್ಪಿಗೆಯಿಲ್ಲ. ನಾನು ಮೊದಲ ದಿನ ಕಾರಣ ಕೇಳುವುದಿಲ್ಲ. ಪಕ್ಕದ ಮನೆಯ ಮಗುವಿನ ಹತ್ತಿರ ಪಾಠದ ಪುಟವನ್ನು ಮೊದಲೇ ಕಳಿಸಿರುತ್ತೇನೆ, ಹಾಲು ಕುಡಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಮಾಡಿಸುತ್ತೇನೆ.

ಮನೆಯವರ ಜೊತೆಗಿನ ಒಪ್ಪಂದ ಚಿಕ್ಕದು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ ಮಗು ಮನೆಯಲ್ಲಿ ಕೈ ಹಾಕಲಿ.  ಹುಳದ ಮನೆಗೆ ಔಷಧಿ ಹೊಡೆಯುವಾಗ ಮಾತ್ರ ಮಗು ಹತ್ತಿರ ಸುಳಿಯಬಾರದು. ತಡವಾದರೆ ಬಿಸಿಯೂಟದ ಹೊತ್ತಿಗಾದರೂ ಬರಲಿ, ಹೊರಗೆ ನಿಲ್ಲಿಸುವುದಿಲ್ಲ. ಚಂದ್ರಿಕೆಯ ದಿನಕ್ಕೆ ಸ್ತ್ರೀಶಕ್ತಿ ಸಂಘದ ಹೆಂಗಸರೇ ದಾರಿ ಕಂಡುಕೊಂಡರು: ಎಲ್ಲರ ಮನೆಯಲ್ಲೂ ಹುಳ ಒಂದೇ ದಿನ ಹಣ್ಣಾಗುವುದಿಲ್ಲವಲ್ಲ, ಇವತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು ಎಂದು ಮುಯ್ಯಾಳು ಮಾಡಿಕೊಂಡರು. ಎಲ್ಲ ಮನೆಗೂ ಇದು ನಡೆಯಲಿಲ್ಲ. ಹಳೇ ಜಗಳ ಇರುವ ಕಡೆ ಯಾರೂ ಯಾರ ಬಾಗಿಲಿಗೂ ಹೋಗುವುದಿಲ್ಲ. ಪ್ಲಾಸ್ಟಿಕ್ ನೇತ್ರಿಕೆ (ಹುಳ ತಾನೇ ಹತ್ತಿ ಗೂಡು ಕಟ್ಟುವ ಜಾಲರಿ) ಬಂದ ಮನೆಗಳಲ್ಲಿ ಆರಿಸುವ ಕೆಲಸವೇ ಕಡಿಮೆಯಾಗಿದೆ, ನನ್ನ ಮಾತಿಗಿಂತ ಅದರ ಉಪಕಾರವೇ ದೊಡ್ಡದು.

ಅಪ್ಪಂದಿರಿಗೆ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತೇನೆ. ‘ನಿಮ್ಮ ಮಗ ಬಂದಿಲ್ಲ’ ಎಂದಲ್ಲ, ‘ಇವತ್ತು ಭಾಗಾಕಾರ ತಾನೇ ಮಾಡಿದ’ ಎಂದು. ಬರದ ದಿನ ಫೋನ್ ಎತ್ತದವರು ಈ ಧ್ವನಿಯನ್ನು ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಕೇಳಿಸುತ್ತಾರೆ.

ಹೆಣ್ಣುಮಕ್ಕಳ ಕಥೆ ಬೇರೆ. ಗಂಡುಹುಡುಗ ಬೆಳೆಗೆ ಉಳಿದರೆ, ಆರನೇ ತರಗತಿಯ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಉಳಿಯುತ್ತಾಳೆ, ಅದಕ್ಕೆ ಋತುವಿಲ್ಲ. ಮೂರು ವರ್ಷ ತುಂಬಿದ ಮಗುವಾದರೆ ಅಂಗನವಾಡಿಗೆ ಸೇರಿಸಿ ಅಕ್ಕನನ್ನು ಬಿಡಿಸಿಕೊಳ್ಳಬಹುದು. ಅದಕ್ಕಿಂತ ಚಿಕ್ಕದಾದರೆ ಅಜ್ಜಿಯನ್ನು ಒಪ್ಪಿಸಬೇಕು, ಇಲ್ಲವೇ ಹುಡುಗಿ ತಮ್ಮನನ್ನೂ ಎತ್ತಿಕೊಂಡು ಬರುತ್ತಾಳೆ. ಬರಲಿ ಎಂದಿದ್ದೇನೆ. ತರಗತಿಯ ಹಿಂದೆ ಒಂದು ಚಾಪೆ ಹಾಸಿದೆ.

ರೀಲಿಂಗ್ ಕೆಲಸಕ್ಕೆ, ಅಂದರೆ ಗೂಡಿನಿಂದ ನೂಲು ತೆಗೆಯಲು, ಊರಿಂದೂರಿಗೆ ಹೋಗುವ ಮನೆಗಳಿಗೆ ಇದ್ಯಾವುದೂ ಒದಗುವುದಿಲ್ಲ. ನಡು ವರ್ಷದಲ್ಲಿ ಎದ್ದು ಹೋಗುತ್ತಾರೆ. ಅಂಥವರ ಮಕ್ಕಳ ಎಸ್‌ಎಟಿಎಸ್ ಸಂಖ್ಯೆಯನ್ನು (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನ ಕವರಿನಲ್ಲಿಡಲು ಕೊಡುತ್ತೇನೆ. ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಮಗುವನ್ನು ವಾಪಸು ಕಳಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮಿನಲ್ಲೇ ಇದೆ. ಅದನ್ನೂ ಚೀಟಿಯ ಹಿಂದೆ ಬರೆದಿರುತ್ತೇನೆ, ಯಾರಾದರೂ ತಕರಾರು ಮಾಡಿದರೆ ತೋರಿಸಲಿ ಎಂದು.